ಟರ್ಫ್ ಮೈದಾನ ಮತ್ತು ಹುಡುಗಿಯ ಮೊಣಕಾಲು

ಮಗಳೇ, ನಿನ್ನ ಸಂದೇಶ ನೋಡಿದೆ. ಹುಡುಗಿ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗಿದ್ದಾಳೆ, ದಿನವೂ ಟರ್ಫ್ ಮೇಲೆ, ಅಂದರೆ ಕೃತಕ ಹುಲ್ಲಿನ ಹಾಸಿನ ಮೇಲೆ, ಹಾಕಿ ಆಡಿದರೆ ಮೊಣಕಾಲು ಹಾಳಾಗುತ್ತದೆಯೇ ಎಂದು ಕೇಳಿದ್ದೀಯ. ನಿನ್ನ ಚಿಕ್ಕಪ್ಪ ‘ಏನೂ ಆಗುವುದಿಲ್ಲ’ ಎಂದು ಬರೆದುಬಿಟ್ಟ. ಅವನು ಆಡಿದ್ದೆಲ್ಲ ಶಾಲೆಯ ಹಿಂದಿನ ಮಣ್ಣಿನಲ್ಲಿ. ಟರ್ಫ್ ಎಂದರೇನೆಂದು ನನ್ನ ಎಡಗಾಲಿಗೆ ಗೊತ್ತು.

ಆಗ ನಾನು ಬೆಂಗಳೂರಿನಲ್ಲಿ ಕಂಪನಿ ತಂಡದಲ್ಲಿದ್ದೆ. ನಾವು ಆಡುತ್ತಿದ್ದ ಹಾಕಿ ಟರ್ಫಿಗೆ ಪಂದ್ಯದ ಮೊದಲು ನೀರು ಹಾಯಿಸಬೇಕಿತ್ತು. ನೀರಿದ್ದರೆ ಚೆಂಡು ಓಡುತ್ತದೆ, ಬೂಟೂ ಸ್ವಲ್ಪ ಜಾರಿ ಬಿಡಿಸಿಕೊಳ್ಳುತ್ತದೆ. ಆ ದಿನ ಪಂಪ್ ಕೆಟ್ಟಿದೆ ಎಂದು ಒಣ ಮೈದಾನಕ್ಕೇ ಇಳಿಸಿದರು. ಓಡುತ್ತಿದ್ದವನು ಥಟ್ಟನೆ ಎಡಕ್ಕೆ ತಿರುಗಿದೆ. ಪಾದ ನೆಲ ಕಚ್ಚಿಕೊಂಡೇ ಇತ್ತು, ಮೈ ತಿರುಗಿತು, ಮೊಣಕಾಲಿನೊಳಗೆ ‘ಟಪ್’ ಎಂದಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಸಂಜೆಗೆ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಉಳುಕು ಎಂದು ಎಣ್ಣೆ ತಿಕ್ಕಿದರು. ಹರಿದದ್ದು ಎಸಿಎಲ್, ಕಾಲೆಲುಬು ಮುಂದಕ್ಕೆ ಜಾರದಂತೆ ತೊಡೆಯೆಲುಬಿಗೆ ಹಿಡಿದಿಡುವ ಅಸ್ಥಿರಜ್ಜು. ಒಣ ಟರ್ಫಿಗೆ ಇಳಿಯಬೇಡ ಎಂದು ಅವಳಿಗೆ ಹೇಳು.

ಇದು ನನ್ನೊಬ್ಬನ ಕಾಲಿನ ಮಾತಲ್ಲ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2012ರಿಂದ 2016ರವರೆಗಿನ ಪಂದ್ಯಗಳನ್ನು ಲೆಕ್ಕ ಹಾಕಿದಾಗ, ಕೃತಕ ಹಾಸಿನ ಮೇಲೆ ಸೊಂಟದಿಂದ ಕೆಳಗಿನ ಗಾಯಗಳು ಹುಲ್ಲಿಗಿಂತ ಶೇ 16ರಷ್ಟು ಹೆಚ್ಚಿದ್ದವು. ಹುಲ್ಲುನೆಲ ಕಿತ್ತು ಬಂದು ಪಾದವನ್ನು ಬಿಡುತ್ತದೆ, ಕೃತಕ ಹಾಸು ಬಿಡುವುದಿಲ್ಲ. ಅದು ಬೇರೆ ಆಟ, ಬೇರೆ ಬಗೆಯ ಟರ್ಫ್ ನಿಜ. ಸಾಕರ್‌ನ, ಅಂದರೆ ನಾವು ಫುಟ್‌ಬಾಲ್ ಎನ್ನುವ ಆಟದ, ಅಧ್ಯಯನಗಳೂ ಎಲ್ಲವೂ ಒಂದೇ ಮಾತು ಹೇಳುವುದಿಲ್ಲ.

1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ಹಾಕಿ ವಿಶ್ವಕಪ್ ಗೆದ್ದವರು ನಾವು ಭಾರತೀಯರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಕೃತಕ ಟರ್ಫ್ ಮೇಲೆ ಆಡಿಸಿದರು, ಏಳನೆಯ ಸ್ಥಾನಕ್ಕೆ ಬಿದ್ದೆವು. ದುಡ್ಡಿದ್ದ ದೇಶಗಳು ಬೇಗ ಹಾಸಿಕೊಂಡವು. ನಮ್ಮ ಹುಡುಗರು ಮಣ್ಣಿನಲ್ಲಿ ಕಲಿತು ಟರ್ಫ್ ಮೇಲೆ ಅವರನ್ನು ಎದುರಿಸಬೇಕಾಯಿತು. ಅಷ್ಟೆಲ್ಲ ಕಷ್ಟಪಟ್ಟು ಆಡಿದರೂ ನನ್ನ ಕಾಲು ಹೋದಾಗ ತಂಡದ ವ್ಯವಸ್ಥಾಪಕರು ಆಸ್ಪತ್ರೆಯ ಬಾಗಿಲಿಗೂ ಬರಲಿಲ್ಲ. ಶಸ್ತ್ರಚಿಕಿತ್ಸೆಗೆ ನಿಮ್ಮ ಅಜ್ಜನೇ ಕಾಫಿ ಮಾರಿದ ಹಣ ಕೊಟ್ಟರು. ಇಂದಿಗೂ ಆ ನೋವು ಹೋಗಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ: ಒಣ ಟರ್ಫಿಗೆ ಇಳಿಯಬಾರದು, ಕೋಚ್ ಮುನಿಸಿಕೊಂಡರೂ ಸರಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಕಳಿಸು, ಧೈರ್ಯವಾಗಿ ಕಳಿಸು. ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹೆಚ್ಚು, ಆದ್ದರಿಂದ ಅಭ್ಯಾಸಕ್ಕೆ ಮೊದಲು ಮೈ ಬಿಸಿ ಮಾಡುವುದರ ಜೊತೆಗೆ ಒಂಟಿ ಕಾಲಿನ ಸಮತೋಲನ, ಹಾರಿ ಇಳಿಯುವ ವ್ಯಾಯಾಮ ಮಾಡಿಸುತ್ತಾರೆಯೇ ಕೇಳು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಬಾರದು. ‘ಟಪ್’ ಎಂದು ಕೇಳಿ ಕೆಲವೇ ಗಂಟೆಗಳಲ್ಲಿ ಊದಿದರೆ ಆಟ ನಿಲ್ಲಿಸಿ, ಐಸ್ ಇಟ್ಟು, ಮೂಳೆ ವೈದ್ಯರಲ್ಲಿಗೆ ಹೋಗಬೇಕು, ಎಣ್ಣೆ ತಿಕ್ಕಿಸಬಾರದು. ಬೂಟಿನ ಅಡಿಯಲ್ಲಿ ಗಿಡ್ಡ ಗುಬಟುಗಳು ತುಂಬ ಇರಬೇಕು. ಸಾಕರ್ ಆಡುವ ಉದ್ದ ಸ್ಟಡ್ಡಿನ ಬೂಟು ಬೇಡವೇ ಬೇಡ. ಅವಳ ಬೂಟಿನ ಅಡಿಭಾಗದ ಫೋಟೋ ಇವತ್ತೇ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.