ಸಹಾಯ ಬೇಕು: ಫ್ಲುಮಾಜೆನಿಲ್ ಫಿನೋಬಾರ್ಬಿಟಾಲ್‌ಗೆ ಯಾಕೆ ನಡೆಯಲ್ಲ?

ದಾವಣಗೆರೆಯಲ್ಲಿ ಬಿ.ಫಾರ್ಮ ಓದುತ್ತಿದ್ದೇನೆ. ನಾಡಿದ್ದು ಇಂಟರ್ನಲ್ಸ್. ನಿದ್ದೆ ಮಾತ್ರೆಗಳ ಪಾಠ ಓದಿ ಓದಿ ನನ್ನ ನಿದ್ದೆಯೇ ಹೋಗಿದೆ.

ಡಯಜೆಪಾಮ್ (ಬೆಂಜೋಡಯಜೆಪೀನ್ ಗುಂಪು), ಫಿನೋಬಾರ್ಬಿಟಾಲ್ (ಬಾರ್ಬಿಟುರೇಟ್ ಗುಂಪು) ಎರಡೂ ಕೂರುವುದು ಗಾಬಾ-ಎ ರಿಸೆಪ್ಟರ್ ಮೇಲೆಯೇ, ಅಂದರೆ ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕ ಬಂದು ಕೂರುವ ನರಕೋಶದ ಭಾಗದ ಮೇಲೆ. ಮೊದಲನೆಯದು ಇದ್ದರೆ ಆ ರಿಸೆಪ್ಟರ್‌ನಲ್ಲಿ ಕ್ಲೋರೈಡ್ ಒಳಹೋಗುವ ಬಾಗಿಲು ಪದೇ ಪದೇ ತೆರೆಯುತ್ತದೆ. ಎರಡನೆಯದು ಇದ್ದರೆ ತೆರೆದ ಬಾಗಿಲು ಜಾಸ್ತಿ ಹೊತ್ತು ತೆರೆದೇ ಇರುತ್ತದೆ. ಇಲ್ಲಿವರೆಗೆ ಸರಿ.

ಡಯಜೆಪಾಮ್ ಮಂಪರು ಇಳಿಸಲು ಫ್ಲುಮಾಜೆನಿಲ್ ಇಂಜೆಕ್ಷನ್ ಇದೆ. ಬೆಂಜೋಡಯಜೆಪೀನ್ ಅಲ್ಲದ ಜೋಲ್ಪಿಡೆಮ್‌ಗೂ ಅದು ನಡೆಯುತ್ತದೆ. ಫಿನೋಬಾರ್ಬಿಟಾಲ್‌ಗೆ ಮಾತ್ರ ಇಲ್ಲ! ರಿಸೆಪ್ಟರ್ ಚಿತ್ರ ಮೂರು ಸಲ ಬರೆದು ನೋಡಿದೆ, ಹೊಳೆಯಲಿಲ್ಲ. ಸೀನಿಯರ್ ಅಕ್ಕನನ್ನು ಕೇಳಿದರೆ, ಬೆಣ್ಣೆ ದೋಸೆ ಮುರಿಯುತ್ತಲೇ "ಸುಮ್ನೆ ಬಾಯಿಪಾಠ ಮಾಡು" ಅಂದರು.

ಕೂರುವ ಜಾಗ ಬೇರೆ ಅನ್ನುವುದೊಂದೇ ಕಾರಣವಾ? ಅಥವಾ ಡೋಸ್ ಏರಿದಾಗ ಬಾರ್ಬಿಟುರೇಟ್ ಗಾಬಾ ಇಲ್ಲದೆಯೂ ತಾನೇ ಬಾಗಿಲು ತೆರೆಯುತ್ತದಲ್ವಾ, ಅದನ್ನೂ ಉತ್ತರದಲ್ಲಿ ಬರೆಯಬೇಕಾ?