ಫಿಲೆಟ್‌ನಲ್ಲಿ 0.1 ಮಿ.ಮೀ. ಗುಳಿ: ಶಾಟ್ ಪೀನಿಂಗ್ ಸಾಕೇ, ನೈಟ್ರೈಡಿಂಗ್ ಬೇಕೇ?

ಪ್ರಶ್ನೆ: ಕ್ವೆಂಚ್ (ಕಾಯಿಸಿ ಥಟ್ಟನೆ ತಣಿಸುವುದು), ಟೆಂಪರ್ (ಮತ್ತೆ ಹದವಾಗಿ ಕಾಯಿಸುವುದು) ಆದ 4140 ಉಕ್ಕಿನ ಶಾಫ್ಟ್, ಗಡಸುತನ 400 ಎಚ್‌ವಿ (ವಿಕರ್ಸ್ ಮಾನ), ತಿರುಗುತ್ತಾ ಬಾಗುವ ಲೋಡ್. ಫಿಲೆಟ್‌ನಲ್ಲಿ (ವ್ಯಾಸ ಬದಲಾಗುವ ಕಡೆಯ ದುಂಡು ಮೂಲೆ) 0.1 ಮಿ.ಮೀ. ಆಳದ ಅರ್ಧವೃತ್ತಾಕಾರದ ಗುಳಿಗಳಿವೆ. ಪಾಲಿಶ್ ಮಾಡಿ ಆಳವನ್ನು ಅರ್ಧಕ್ಕಿಳಿಸಿದರೆ ಸಾಕೇ? ಇಲ್ಲದಿದ್ದರೆ ಶಾಟ್ ಪೀನಿಂಗ್ (ಸಣ್ಣ ಗುಂಡುಗಳಿಂದ ಮೇಲ್ಮೈಗೆ ಪೆಟ್ಟು ಕೊಟ್ಟು ಅದರಲ್ಲಿ ಒತ್ತಡ ಕೂರಿಸುವುದು), ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಇಳಿಸಿ ಗಡಸಾಗಿಸುವುದು) ಇವೆರಡರಲ್ಲಿ ಯಾವ ಟ್ರೀಟ್‌ಮೆಂಟ್ ಒಳ್ಳೆಯದು?

ಉತ್ತರ 1: ಪಾಲಿಶ್‌ನಿಂದ ಸಿಗುವುದು ತೀರಾ ಕಡಿಮೆ. ದೋಷದ ಗಾತ್ರದಿಂದ ಫಟೀಗ್ ಮಿತಿಯನ್ನು (ಲೋಡ್ ಎಷ್ಟು ಸಲ ಮರುಕಳಿಸಿದರೂ ಮುರಿಯದ ಸ್ಟ್ರೆಸ್) ಅಂದಾಜಿಸುವ ಮುರಕಾಮಿ ಸೂತ್ರದಲ್ಲಿ ಹಾಕಿ ನೋಡಿ: 1.43 × (ಎಚ್‌ವಿ + 120) ಅನ್ನು ದೋಷದ ವಿಸ್ತೀರ್ಣದ ವರ್ಗಮೂಲದ (ಮೈಕ್ರಾನ್‌ನಲ್ಲಿ) ಆರನೇ ಮೂಲದಿಂದ ಭಾಗಿಸಬೇಕು. ನಿಮ್ಮ ಗುಳಿಗೆ ಆ ವರ್ಗಮೂಲ 125, ಫಟೀಗ್ ಮಿತಿ ಸುಮಾರು 333 ಎಂಪಿಎ. ಗುಳಿಯೇ ಇಲ್ಲದಿದ್ದರೆ 1.6 × ಎಚ್‌ವಿ ಲೆಕ್ಕದಲ್ಲಿ 640. ಆಳ ಅರ್ಧಕ್ಕಿಳಿದರೂ ಹೆಚ್ಚೆಂದರೆ 373ಕ್ಕಷ್ಟೇ ಏರುತ್ತದೆ. ಗುಳಿಯನ್ನು ಪೂರ್ತಿ ತೆಗೆಯಬೇಕು, ಇಲ್ಲವೇ ಅದರ ಬುಡವನ್ನೂ ದಾಟುವಷ್ಟು ಆಳಕ್ಕೆ ಕಂಪ್ರೆಸಿವ್ ಸ್ಟ್ರೆಸ್ (ಬಿರುಕು ತೆರೆಯದಂತೆ ಒತ್ತಿಹಿಡಿಯುವ ಒತ್ತಡ) ಕೂರಿಸಬೇಕು.

ನೈಟ್ರೈಡಿಂಗ್ ನಡೆಯುವುದು 500 ಡಿಗ್ರಿ ಆಸುಪಾಸಿನಲ್ಲಿ. ಟೆಂಪರಿಂಗ್ ಉಷ್ಣತೆ ಅದಕ್ಕಿಂತ ಕನಿಷ್ಠ 30 ಡಿಗ್ರಿ ಹೆಚ್ಚಿರದಿದ್ದರೆ ಒಳಗಿನ ಗಡಸುತನ ಇಳಿಯುತ್ತದೆ; ಮುಗಿದ ಅಳತೆಯೂ ಬದಲಾಗುತ್ತದೆ. ನಾನಾದರೆ ಪೀನಿಂಗನ್ನೇ ಆರಿಸುತ್ತೇನೆ.

ಉತ್ತರ 2: ಪೀನಿಂಗ್‌ಗೆ ಮೊದಲೇ ಬಿರುಕು ತಪಾಸಣೆ ಮುಗಿಸಿ. ಪೆಟ್ಟು ಬಿದ್ದ ಮೇಲೆ ಬಿರುಕಿನ ಬಾಯಿ ಮುಚ್ಚಿಕೊಂಡು ಡೈ ಪೆನಿಟ್ರೆಂಟ್‌ಗೆ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಸಿಗದು. ಶಾಟ್‌ನ ವ್ಯಾಸ ಫಿಲೆಟ್ ತ್ರಿಜ್ಯದ ಅರ್ಧ ಮೀರಬಾರದು, ದಪ್ಪ ಶಾಟ್ ಮೂಲೆಯ ಬುಡ ತಲುಪುವುದಿಲ್ಲ. ಶಾಟ್‌ನ ಗಡಸುತನ ಶಾಫ್ಟ್‌ನಷ್ಟಾದರೂ ಇರಲಿ.

ಫಿಲೆಟ್ ಇರುವ ಜಾಗದಲ್ಲೇ ಆಲ್ಮೆನ್ ಎ ಪಟ್ಟಿ (ಪೆಟ್ಟಿಗೆ ಬಾಗುವ ತೆಳು ಉಕ್ಕಿನ ಅಳತೆಪಟ್ಟಿ) ಕೂರಿಸಿ ಸ್ಯಾಚುರೇಶನ್ ಕರ್ವ್ (ಸಮಯಕ್ಕೆ ತಕ್ಕಂತೆ ಬಾಗು ಏರುವ ರೇಖೆ) ತೆಗೆಯಿರಿ: ಸಮಯ ಇಮ್ಮಡಿಯಾದಾಗ ಬಾಗು ಶೇ. 10ರಷ್ಟು ಮಾತ್ರ ಏರುವ ಬಿಂದುವಿನ ಬಾಗೇ ಇಂಟೆನ್ಸಿಟಿ (ಪೆಟ್ಟಿನ ತೀವ್ರತೆ). ಕಂಪ್ರೆಸಿವ್ ಪದರದ ಆಳ ನಿಂತಿರುವುದು ಇಂಟೆನ್ಸಿಟಿಯ ಮೇಲೆ. ಹೊತ್ತು ಹೆಚ್ಚಿಸಿದರೆ ಕವರೇಜ್ (ಪೆಟ್ಟು ಬಿದ್ದ ಮೇಲ್ಮೈಯ ಪಾಲು) ಏರುತ್ತದೆ, ಆಳ ಅಷ್ಟಾಗಿ ಏರದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂದು ಸ್ಯಾಂಪಲ್‌ನಲ್ಲಿ ಪದರ ಪದರವಾಗಿ ಎಲೆಕ್ಟ್ರೋಪಾಲಿಶ್ ಮಾಡುತ್ತಾ ಎಕ್ಸ್‌ರೇಯಿಂದ ಸ್ಟ್ರೆಸ್ ಅಳೆಯಿರಿ. 0.1 ಮಿ.ಮೀ. ಆಳದಲ್ಲಿ ಅದು ಇನ್ನೂ ಗಟ್ಟಿಯಾಗಿ ಕಂಪ್ರೆಸಿವ್ ಆಗಿರಬೇಕು, ಸೊನ್ನೆಯ ಹತ್ತಿರ ಬಂದಿದ್ದರೆ ಪ್ರಯೋಜನವಿಲ್ಲ. ಒಡೆದ ಶಾಟನ್ನು ಜರಡಿ ಹಿಡಿದು ತೆಗೆಯುತ್ತಿರಿ, ಅದರ ಚೂಪು ಅಂಚು ಹೊಸ ಗೀರು ಕೊರೆಯುತ್ತದೆ.

ಪ್ರಶ್ನೆ ಕೇಳಿದವರು: ನಂತರ ಪ್ಲೇಟಿಂಗ್ ಮಾಡಿ 190 ಡಿಗ್ರಿಯಲ್ಲಿ ಬೇಕ್ ಮಾಡಬೇಕಿದೆ. ತೊಂದರೆಯೇ?

ಉತ್ತರ 2: 190 ನಡೆಯುತ್ತದೆ. 250 ಡಿಗ್ರಿ ದಾಟಿದರೆ ಕೂರಿಸಿದ ಸ್ಟ್ರೆಸ್ ಸಡಿಲವಾಗತೊಡಗುತ್ತದೆ. ಪೀನ್ ಆದ ಫಿಲೆಟನ್ನು ಮಾತ್ರ ಮತ್ತೆ ಗ್ರೈಂಡ್ ಮಾಡಬೇಡಿ.