ಮೋರ್ಸ್ ಕಲಿಯುವವರಿಗೆ ಮೊದಲ ಕೀ ಯಾವುದಿರಬೇಕು?

ಪ್ರಶ್ನೆ (ಬಾಗಲಕೋಟೆ):
ಹಿರಿಯ ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೊ ಬಳಗದವರಿಗೆ) ನಮಸ್ಕಾರ. ಆರಂಭದ ರಿಸ್ಟ್ರಿಕ್ಟೆಡ್ ಗ್ರೇಡ್ ಪರವಾನಗಿ ಪಡೆದಿರುವ ನಾನು ಈಗ ಅದರ ಮೇಲಿನ ಜನರಲ್ ಗ್ರೇಡಿಗಾಗಿ ನಿಮಿಷಕ್ಕೆ 8 ಪದಗಳ ಮೋರ್ಸ್ (ಚುಕ್ಕೆ, ಗೆರೆಗಳ ಸಂಕೇತ) ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ಸಂಕೇತ ಬಡಿಯಲು ತರಿಸಿಕೊಂಡ ಹಗುರ ಪ್ಲಾಸ್ಟಿಕ್ ಕೀ ಒತ್ತಿದಾಗಲೆಲ್ಲ ಮೇಜಿನ ಮೇಲೆ ಸರಿದಾಡುತ್ತದೆ. ಎಡಗೈಯಿಂದ ಅದನ್ನು ಅದುಮಿ ಹಿಡಿದು ಬಲಗೈಯಿಂದ ಬಡಿಯುವಷ್ಟರಲ್ಲಿ ಮಣಿಕಟ್ಟು ನೋಯತೊಡಗುತ್ತದೆ. ಹಿತ್ತಾಳೆಯ ಸ್ಟ್ರೇಟ್ ಕೀ (ಕೆಳಕ್ಕೆ ಒತ್ತುವ ಸಾದಾ ಕೀ) ಕೊಳ್ಳಬೇಕೇ, ಅಥವಾ ನೇರವಾಗಿ ಪ್ಯಾಡಲ್ಲನ್ನೇ (ಪಕ್ಕಕ್ಕೆ ಒತ್ತುವ ಕೀ) ಕಲಿಯಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ವಿಜಯಪುರ):
ಸ್ಟ್ರೇಟ್ ಕೀಯನ್ನೇ ಕೊಳ್ಳಿ. ಪರೀಕ್ಷೆಯ ವೇಗದಲ್ಲಿ ಒಂದು ಡಿಟ್ (ಚುಕ್ಕೆ) ಸುಮಾರು 150 ಮಿಲಿಸೆಕೆಂಡು; ಡಾ (ಗೆರೆ) ಅದರ ಮೂರರಷ್ಟು, ಅಕ್ಷರಗಳ ನಡುವಿನ ಬಿಡುವೂ ಮೂರರಷ್ಟು, ಪದಗಳ ನಡುವಿನದು ಏಳರಷ್ಟು. ಸ್ಟ್ರೇಟ್ ಕೀಯಲ್ಲಿ ಈ ಅಳತೆಯನ್ನೆಲ್ಲ ನಿಮ್ಮ ಕೈಯೇ ಹುಟ್ಟಿಸಬೇಕಾಗುವುದರಿಂದ ಲಯ ಮೈಗೂಡುತ್ತದೆ. ಪ್ಯಾಡಲ್ಲಿನಲ್ಲಿ ಡಿಟ್, ಡಾಗಳ ಉದ್ದವನ್ನು ಕೀಯರ್ ಸರ್ಕಿಟ್ಟೇ ಅಳೆದುಕೊಡುತ್ತದೆ.

ಆದರೆ ಹೊಸದು ಬರುವ ಮುನ್ನ ಇರುವುದನ್ನೇ ಸರಿಪಡಿಸಿ ನೋಡಿ. ಕೀಯನ್ನು ಮೇಜಿನ ಅಂಚಿನಿಂದ ಒಂದು ಮೊಳದಷ್ಟು ಒಳಗಿಟ್ಟು, ಮೊಳಕೈಯನ್ನು ಮೇಜಿನ ಮೇಲೆ ಊರಿ, ಗುಂಡಿಯನ್ನು ಬೆರಳುಗಳಿಂದ ಕುಟ್ಟದೆ ಸಡಿಲವಾಗಿ ಹಿಡಿದು ಮಣಿಕಟ್ಟನ್ನು ಆಡಿಸಿರಿ. ಕಾಂಟ್ಯಾಕ್ಟುಗಳ ನಡುವೆ ಅಂಚೆಕಾರ್ಡು ತೂರುವಷ್ಟು ಸಂದು ಸಾಕು. ಸ್ಪ್ರಿಂಗ್ ಕೈಯ ಭಾರವನ್ನು ಮೇಲೆತ್ತುವಷ್ಟು ಬಿಗಿಯಾಗಿದ್ದರಾಯಿತು. ಜಾರುವುದಕ್ಕೆ ಮದ್ದು ನಿಮ್ಮ ಜಿಲ್ಲೆಯಲ್ಲೇ ಇದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಅಂಗೈಯಗಲದ ತುಂಡೊಂದರ ಮೇಲೆ ನನ್ನ ಕೀ ವರ್ಷಗಳಿಂದ ಕುಳಿತಿದೆ. ಕಲ್ಲಿನಡಿ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಅಂಟಿಸಿದ್ದೇನೆ, ಕೂದಲೆಳೆಯಷ್ಟೂ ಕದಲುವುದಿಲ್ಲ.

ಉತ್ತರ (ಬೆಳಗಾವಿ):
ವಿಜಯಪುರದವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಕೀಗಿಂತ ಮೊದಲು ಕಿವಿ ಪಳಗಬೇಕು. ನಾನು ಕೇಳಿ ಕಲಿಯದೆ ಕೈಯಾಡಿಸಲು ತೊಡಗಿದ್ದೆ. ನಾನು ಕಳಿಸುತ್ತಿದ್ದ 'ಸಿ' (ಡಾ-ಡಿಟ್-ಡಾ-ಡಿಟ್) ಅಕ್ಷರದ ನಡುವೆ ತಿಳಿಯದೆಯೇ ಬಿಡುವು ಬಿದ್ದು, ಕೇಳುವವರಿಗೆ ಅದು ಎರಡು 'ಎನ್' (ಡಾ-ಡಿಟ್) ಆಗಿ ತಲುಪುತ್ತಿತ್ತು. ಆ ಚಾಳಿ ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಆದ್ದರಿಂದ ಒಂದೊಂದು ಅಕ್ಷರವನ್ನು ನಿಮಿಷಕ್ಕೆ 15 ಪದಗಳ ವೇಗದಲ್ಲಿಯೇ ಕೇಳುತ್ತ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿಕೊಂಡು ಅಭ್ಯಾಸ ಮಾಡಿ. ಚುಕ್ಕೆ, ಗೆರೆಗಳನ್ನು ಎಣಿಸಲು ಆಗ ಸಮಯವೇ ಸಿಗದು, ಅಕ್ಷರ ಒಂದೇ ನಾದವಾಗಿ ಮನಸ್ಸಿಗೆ ಇಳಿಯುತ್ತದೆ.

ಮುಂದೆ ಗಂಟೆಗಟ್ಟಲೆ ಸಂಪರ್ಕ ನಡೆಸುವಾಗ ಪ್ಯಾಡಲ್ ಖಂಡಿತ ಹಿತವೆನಿಸುತ್ತದೆ. ಇನ್ನೊಂದು ಮಾತು: ರೇಡಿಯೊ ಸೆಟ್ಟಿನ ಮೆನುವಿನಲ್ಲಿ ಪ್ಯಾಡಲ್ ಆಯ್ಕೆಯಾಗಿದ್ದಾಗ ಸ್ಟ್ರೇಟ್ ಕೀ ಚುಚ್ಚಿ ಒತ್ತಿದರೆ ಡಿಟ್‌ಗಳೋ ಡಾಗಳೋ ಎಡೆಬಿಡದೆ ಸುರಿಯುತ್ತವೆ. ಕೀ ಕೆಟ್ಟಿದೆಯೆಂದು ಬಿಚ್ಚಲು ಹೋಗಬೇಡಿ.

ಪ್ರಶ್ನೆ ಕೇಳಿದವರು (ಬಾಗಲಕೋಟೆ):
ಇಬ್ಬರಿಗೂ ವಂದನೆಗಳು. ಕಲ್ಲಿನ ತುಂಡಿಗೆ ಕೀ ಅಂಟಿಸಿ, ಅಂಚೆಕಾರ್ಡಿನಿಂದ ಸಂದು ಹೊಂದಿಸಿಕೊಂಡು ಇಂದು ಸಂಜೆ ಅರ್ಧ ಗಂಟೆ ಕುಳಿತೆ, ಮಣಿಕಟ್ಟು ನೋಯಲಿಲ್ಲ. ನನ್ನ 'ಸಿ' ಕೂಡ ಒಡೆಯುತ್ತಿರುವುದು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ ತಿಳಿಯಿತು. ಆದ್ದರಿಂದ ಹಿತ್ತಾಳೆಯ ಕೀ ಖರೀದಿಯನ್ನು ಮುಂದೂಡಿ, ಒಂದು ತಿಂಗಳು ಕೇಳುವುದಕ್ಕೇ ಮೀಸಲಿಡುತ್ತೇನೆ.